ಬಣ್ಣದ ಬೆಳಕು ಮತ್ತು ಮುಖದ ನಿಜ

ಭಾವಚಿತ್ರ ತೆಗೆಯುವುದನ್ನೇ ಕಾಯಕವಾಗಿ ಕೈಕೊಂಡು ನಾಲ್ಕು ದಶಕಗಳಿಗೂ ಮೀರಿ ಬದುಕು ನಡೆಸಿದವನು ನಾನು. ಗದಗ ಪೇಟೆಯ ನಮ್ಮ ಸಣ್ಣ ಸ್ಟುಡಿಯೋದ ಮರದ ಕುರ್ಚಿಯ ಮೇಲೆ ಈ ಅವಧಿಯಲ್ಲಿ ಎಷ್ಟು ಜನ ಕುಳಿತೆದ್ದರೋ ಲೆಕ್ಕವಿಟ್ಟಿಲ್ಲ. ಲಿಂಗದೀಕ್ಷೆ ಪಡೆದ ಎಳೆಯ ಮಕ್ಕಳು, ಮದುವೆಗೆ ಬಂದ ಕನ್ಯೆ-ವರರು, ಕೊರಳ ರುದ್ರಾಕ್ಷಿಯನ್ನು ಸರಿಪಡಿಸಿಕೊಳ್ಳುತ್ತ ಕುಳಿತ ಹಿರಿಯರು, ಪಿಂಚಣಿಯ ಕಾಗದಕ್ಕೆ ಅಂಟಿಸಲು ಚಿತ್ರ ಬೇಕೆಂದು ಬಂದ ಅಜ್ಜಂದಿರು, ಹೀಗೆ ಎಲ್ಲ ವಯಸ್ಸಿನವರೂ ಬಂದಿದ್ದಾರೆ. ಅವರಲ್ಲಿ ಬಹುಪಾಲು ಜನರು ನನ್ನಿಂದ ಬಯಸಿದ್ದು ಎರಡೇ ಸಂಗತಿಗಳನ್ನು. "ಮಾರಿ ಮ್ಯಾಲೆ ನೆಳ್ಳು ಬೀಳಬಾರದು ನೋಡ್ರಿ" ಎಂಬುದು ಮೊದಲನೆಯದು. "ಒಂದೀಟು ಬೆಳ್ಳಗ ಕಾಣೋ ಹಂಗ ತಗೀರಿ" ಎಂಬುದು ಎರಡನೆಯದು.

ಗಿರಾಕಿಯ ಮಾತು ನಡೆಸಿಕೊಡುವುದೇ ಧರ್ಮವೆಂದು ತಿಳಿದು ನಾನೂ ಬಹಳ ವರ್ಷ ಹಾಗೆಯೇ ನಡೆದೆ. ನೆರಳನ್ನು ಓಡಿಸಿದೆ, ಬಣ್ಣದ ಬೆಳಕಿನಿಂದ ಮುಖಗಳನ್ನು ಬೆಳ್ಳಗೆ ಮಾಡಿದೆ. ಒಬ್ಬ ಹೆಣ್ಣುಮಗಳ ಮನಸ್ಸನ್ನು ನೋಯಿಸಿದ ಮೇಲೆ ಕಣ್ಣು ತೆರೆಯಿತು. ಆ ಸಂಗತಿಯನ್ನೂ ಅದರಿಂದ ನಾನು ಕಲಿತುದನ್ನೂ ಈ ಪತ್ರಿಕೆಯ ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂದು ಬಹುದಿನಗಳಿಂದ ಅನ್ನಿಸುತ್ತಿತ್ತು. ಇಂದು ಪ್ರತಿಯೊಬ್ಬರ ಕೈಯಲ್ಲೂ ಕ್ಯಾಮೆರಾ ಇರುವುದರಿಂದ ಇದು ನನ್ನೊಬ್ಬನ ಕಾಯಕದ ಮಾತಾಗಿ ಉಳಿದಿಲ್ಲ.

ನನಗೆ ಈ ವಿದ್ಯೆಯನ್ನು ಕಲಿಸಿದವರು ನನ್ನ ಸೋದರಮಾವನವರು. 1978ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಶಾಲೆ ಬಿಟ್ಟ ಮೇಲಿನ ಹೊತ್ತಿನಲ್ಲಿ ಅವರ ಸ್ಟುಡಿಯೋದ ಕಸ ಗುಡಿಸಲು ಸೇರಿಕೊಂಡೆ. ಕೆಲವು ದಿನ ಕಳೆದ ಮೇಲೆ ಅವರು ನನ್ನನ್ನು ಕತ್ತಲೆ ಕೋಣೆಯೊಳಗೆ ಕರೆದುಕೊಂಡರು. ಕಪ್ಪು-ಬಿಳುಪಿನ ಚಿತ್ರಗಳನ್ನು ಮುದ್ರಿಸುವ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲ. ಆದುದರಿಂದ ಅಲ್ಲಿ ಒಂದು ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ಬಟ್ಟಲಿನ ದ್ರಾವಣದಲ್ಲಿ ಬಿಳಿಯ ಕಾಗದದ ಮೇಲೆ ಮೆಲ್ಲಗೆ ಮುಖವೊಂದು ಮೂಡುವುದನ್ನು ಬೆರಗಿನಿಂದ ನೋಡುತ್ತಿದ್ದವನು, ತಲೆಯೆತ್ತಿ ಮಾವನವರ ಮುಖ ನೋಡಿ ಗಾಬರಿಯಾದೆ. ಪ್ರತಿದಿನ ಲಿಂಗಪೂಜೆ ಮುಗಿಸಿ ಹಣೆಯ ತುಂಬ ವಿಭೂತಿ ಧರಿಸಿಯೇ ಅವರು ಸ್ಟುಡಿಯೋಕ್ಕೆ ಬರುತ್ತಿದ್ದರು. ಈಗ ಅವರ ಹಣೆಯ ಮೇಲೆ ವಿಭೂತಿಯ ಗೆರೆಗಳೇ ಕಾಣಲಿಲ್ಲ.

"ಮಾಮಾ, ನಿಮ್ಮ ಹಣೀ ಮ್ಯಾಲಿನ ವಿಭೂತಿ ಎಲ್ಲಿ ಹೋತ್ರಿ?" ಎಂದೆ.

ಅವರು ನಕ್ಕರು. "ವಿಭೂತಿ ಎಲ್ಲೂ ಹೋಗಿಲ್ಲೋ ತಮ್ಮಾ. ಅದನ್ನ ತೋರಸೋ ಬೆಳಕು ಇಲ್ಲಿಲ್ಲ, ಅಷ್ಟ" ಎಂದರು.

ಬಾಗಿಲು ತೆರೆದು ಹೊರಗೆ ಬಂದಾಗ ಮೂರು ಗೆರೆಗಳೂ ಮೊದಲಿನಂತೆಯೇ ಬೆಳ್ಳಗೆ ಹೊಳೆಯುತ್ತಿದ್ದವು. ಇದರ ಕಾರಣ ಮುಂದೆ ತಿಳಿಯಿತು. ಮನುಷ್ಯನ ಚರ್ಮ, ಅದರ ಬಣ್ಣ ಎಂಥದೇ ಇರಲಿ, ತನ್ನ ಮೇಲೆ ಬಿದ್ದ ಕೆಂಪು ಬೆಳಕನ್ನು ಹೆಚ್ಚಾಗಿಯೂ ನೀಲಿ ಬೆಳಕನ್ನು ಕಡಿಮೆಯಾಗಿಯೂ ಹಿಂದಿರುಗಿಸುತ್ತದೆ. ವಿಭೂತಿಯಾದರೋ ಎಲ್ಲ ಬಣ್ಣಗಳನ್ನೂ ಹೆಚ್ಚು ಕಡಿಮೆ ಸಮನಾಗಿ ಹಿಂದಿರುಗಿಸುತ್ತದೆ. ಬರಿಯ ಕೆಂಪು ದೀಪದ ಕೆಳಗೆ ಚರ್ಮವೂ ಹೊಳೆಯುತ್ತದೆ, ಭಸ್ಮವೂ ಹೊಳೆಯುತ್ತದೆ. ಎರಡರ ನಡುವಿನ ಅಂತರ ಅಳಿದುಹೋಗುತ್ತದೆ. ಹಣೆಯ ಕುಂಕುಮವೂ ಹಾಗೆಯೇ ಮಾಯವಾಗುತ್ತದೆ. ನೀಲಿ ದೀಪದ ಕೆಳಗೆ ಇದಕ್ಕೆ ತದ್ವಿರುದ್ಧ. ಚರ್ಮ ಕಪ್ಪಾಗಿ, ಮುಖದ ಮೇಲಿನ ಸಣ್ಣ ಕಲೆ, ಮೊಡವೆಗಳೆಲ್ಲ ಎದ್ದು ಕಾಣುತ್ತವೆ. ತುಟಿ ಕಪ್ಪಿಡುತ್ತದೆ, ಕುಂಕುಮ ಕಾಡಿಗೆಯಂತಾಗುತ್ತದೆ, ವಿಭೂತಿ ಮಾತ್ರ ಮಿಂಚಿ ಎದ್ದು ನಿಲ್ಲುತ್ತದೆ. ಮುಖ ಒಂದೇ ಆದರೂ ಬೆಳಕಿನ ಬಣ್ಣ ಬದಲಾದರೆ ಒಂದನ್ನು ಮರೆಮಾಚಬಹುದು, ಇನ್ನೊಂದನ್ನು ಎತ್ತಿ ತೋರಿಸಬಹುದು. ಬಣ್ಣದ ಬೆಳಕಿನ ಶಕ್ತಿಯೂ ಅಪಾಯವೂ ಇಷ್ಟರಲ್ಲಿಯೇ ಅಡಗಿವೆ.

ಬೆಳಕಿಗಿಂತ ಮೊದಲು ನೆರಳನ್ನು ಕಲಿಯಬೇಕೆಂಬುದು ಮಾವನವರ ಪದ್ಧತಿ. ಛಾಯಾಗ್ರಹಣವೆಂಬ ಹೆಸರಿನಲ್ಲಿಯೇ ಛಾಯೆ ಇದೆ, ನೆರಳನ್ನು ಹಿಡಿಯುವುದೇ ನಮ್ಮ ಕೆಲಸ ಎಂದು ಅವರು ಹೇಳುತ್ತಿದ್ದರು. ಕುಳಿತವರ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒಂದು ಪಕ್ಕಕ್ಕೆ ಸರಿಸಿ, ಸುಮಾರು 45 ಡಿಗ್ರಿ ಕೋನದಲ್ಲಿ ಒಂದೇ ದೀಪವಿಡುವರು. ಮೂಗಿನ ನೆರಳು ಓರೆಯಾಗಿ ಕೆನ್ನೆಯ ಕಡೆಗೆ ಇಳಿಯುವುದು. ದೀಪವನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿದರೆ ಆ ನೆರಳು ಕೆನ್ನೆಯ ನೆರಳಿನೊಡನೆ ಕೂಡಿಕೊಂಡು, ಕತ್ತಲೆಯ ಕಡೆಯ ಕಣ್ಣಿನ ಕೆಳಗೆ ಬೆಳಕಿನ ಒಂದು ತ್ರಿಕೋನ ಮಾತ್ರ ಉಳಿಯುವುದು. ಹಾಲೆಂಡಿನ ಚಿತ್ರಕಾರ ರೆಂಬ್ರಾಂಟ್ (1606–1669) ತನ್ನ ವರ್ಣಚಿತ್ರಗಳಲ್ಲಿ ಇಂಥ ಬೆಳಕನ್ನು ಮೆಚ್ಚಿ ಬಳಸಿದ್ದರಿಂದ ಛಾಯಾಗ್ರಾಹಕರು ಇದನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ.

ನೆರಳಿಲ್ಲದೆ ಮುಖಕ್ಕೆ ಆಕಾರವಿಲ್ಲ. ಮೂಗು ಎತ್ತರವಾಗಿದೆ, ಕಣ್ಣು ಆಳದಲ್ಲಿದೆ, ಗಲ್ಲ ದುಂಡಗಿದೆ ಎಂಬುದನ್ನು ಚಪ್ಪಟೆಯಾದ ಕಾಗದದ ಮೇಲೆ ನಮಗೆ ತಿಳಿಸುವುದು ನೆರಳು. ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲಾಶ್ ನೇರವಾಗಿ ಮುಖಕ್ಕೆ ಬಡಿದಾಗ ನೆರಳೆಲ್ಲ ತಲೆಯ ಹಿಂದೆ ಅಡಗಿ, ಮುಖ ತಟ್ಟಿದ ಜೋಳದ ರೊಟ್ಟಿಯಂತೆ ಚಪ್ಪಟೆಯಾಗುವುದನ್ನು ಎಲ್ಲರೂ ಕಂಡಿದ್ದೀರಿ. ನೆರಳು ಒರಟಾಗಬಾರದು ಎಂಬುದು ನಿಜ. ಚಿಕ್ಕ ದೀಪದ ನೆರಳಿಗೆ ಅಂಚು ಚೂಪಾಗಿರುತ್ತದೆ. ಅದೇ ದೀಪದ ಮುಂದೆ ಅಗಲವಾದ ಬಿಳಿಯ ಬಟ್ಟೆ ಕಟ್ಟಿದರೆ ಬೆಳಕಿನ ಮೂಲ ದೊಡ್ಡದಾಗಿ ನೆರಳಿನ ಅಂಚು ಕರಗುತ್ತದೆ. ಮೋಡ ಕವಿದ ದಿನ ಮುಖಗಳು ಸೌಮ್ಯವಾಗಿ ಕಾಣುವುದು ಇದೇ ಕಾರಣದಿಂದ. ಅಂದು ಇಡೀ ಆಕಾಶವೇ ದೀಪವಾಗಿರುತ್ತದೆ.

ಇಷ್ಟು ಒಳ್ಳೆಯ ಪಾಠ ಕಲಿತಿದ್ದರೂ ನಾನು ದಾರಿ ತಪ್ಪಿದೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಣ್ಣದ ಫಿಲ್ಮು ನಮ್ಮ ಊರಲ್ಲಿಯೂ ಕಪ್ಪು-ಬಿಳುಪನ್ನು ಹಿಂದಕ್ಕೆ ತಳ್ಳಿತು. ಮಾವನವರು ವಯಸ್ಸಾಗಿ ಮನೆಯಲ್ಲಿ ಉಳಿದರು. ಸ್ಟುಡಿಯೋ ನನ್ನ ಕೈಗೆ ಬಂದಿತು. ದೀಪದ ಮುಂದೆ ಹಿಡಿಯುವ ಬಣ್ಣದ ಹಾಳೆಗಳನ್ನು ಪರವೂರಿನಿಂದ ತರಿಸಿದೆ. ಹಿಂದೆ ಇವುಗಳನ್ನು ಜಿಲೆಟಿನ್ನಿನಿಂದ ಮಾಡುತ್ತಿದ್ದುದರಿಂದ, ಶಾಖ ತಡೆಯುವ ಪ್ಲಾಸ್ಟಿಕ್ಕಿನವು ಬಂದ ಮೇಲೂ ಇವಕ್ಕೆ ಜೆಲ್ ಎಂಬ ಹೆಸರೇ ಉಳಿದಿದೆ. ಗುಲಾಬಿ, ಕಿತ್ತಳೆ, ನೀಲಿ, ನೇರಳೆ, ಹೀಗೆ ಹತ್ತಾರು ಹಾಳೆಗಳು. ಸಿನಿಮಾ ಪೋಸ್ಟರಿನಂಥ ಚಿತ್ರಗಳನ್ನು ತೆಗೆಯತೊಡಗಿದೆ. ಸುತ್ತಲಿನ ಹಳ್ಳಿಗಳಿಂದಲೂ ಜನ ಹುಡುಕಿಕೊಂಡು ಬಂದರು. ನನಗೂ ಸ್ವಲ್ಪ ಹಮ್ಮು ಬಂದಿತು.

1991ರಲ್ಲಿ ನಮ್ಮ ಸಮಾಜದ ಒಂದು ಮನೆತನದವರು ತಮ್ಮ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಬಿ.ಎ. ಮುಗಿಸಿದ್ದಳು. ಎಣ್ಣೆಗಪ್ಪು ಮೈಬಣ್ಣ, ತುಂಬಿದ ಕಣ್ಣು, ಲಕ್ಷಣವಾದ ಮುಖ. ಹಣೆಯ ಮೇಲೆ ಅಚ್ಚುಕಟ್ಟಾಗಿ ವಿಭೂತಿ ಧರಿಸಿ, ನಡುವೆ ಕುಂಕುಮವಿಟ್ಟು ಬಂದಿದ್ದಳು. ದೂರದ ಊರಿನ ಸಂಬಂಧಕ್ಕೆ ಫೋಟೋ ಕಳಿಸಬೇಕಾಗಿತ್ತು. ತಾಯಿ ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣಾರ, ಬಣ್ಣದ ಸಲುವಾಗಿ ಎರಡು ಸಂಬಂಧ ತಪ್ಪಿ ಹೋಗ್ಯಾವ್ರಿ. ನಿಮ್ಮ ಕೈಯಾಗ ಐತಿ, ಹೆಂಗರೆ ಮಾಡಿ ಬೆಳ್ಳಗ ಮಾಡ್ರಿ" ಎಂದು ಕಣ್ಣಲ್ಲಿ ನೀರು ತಂದರು. ಹುಡುಗಿ ಅದನ್ನು ಕೇಳಿಸಿಕೊಂಡಳು. ಕೇಳಿಸದವಳಂತೆ ಗೋಡೆಯ ಪರದೆಯನ್ನು ನೋಡುತ್ತ ನಿಂತಳು.

ನಾನು ನನ್ನ ವಿದ್ಯೆಯನ್ನೆಲ್ಲ ಬಳಸಿದೆ. ಎರಡೂ ಕಡೆಯಿಂದ ಸಮನಾದ ದೀಪಗಳನ್ನಿಟ್ಟು ನೆರಳನ್ನು ಅಳಿಸಿದೆ. ದೀಪಗಳಿಗೆ ಗುಲಾಬಿ ಹಾಳೆ ಕಟ್ಟಿದೆ. ಫಿಲ್ಮಿಗೆ ಬೇಕಾದುದಕ್ಕಿಂತ ಹೆಚ್ಚು ಬೆಳಕು ಕೊಟ್ಟೆ. ಲ್ಯಾಬಿನವರಿಗೂ ಬಣ್ಣವನ್ನು ತಿದ್ದಬೇಡಿರೆಂದು ಚೀಟಿ ಬರೆದೆ. ಚಿತ್ರ ಬಂದಾಗ ಅದರೊಳಗೆ ತೆಳು ಗುಲಾಬಿ ಬಣ್ಣದ, ಒಂದೂ ನೆರಳಿಲ್ಲದ, ಗೊಂಬೆಯಂಥ ಮುಖವೊಂದಿತ್ತು. ತಾಯಿಗೆ ಅಪಾರ ಸಂತೋಷವಾಯಿತು.

ಫೋಟೋ ಮೆಚ್ಚಿ ಗಂಡಿನ ಕಡೆಯವರು ಕನ್ಯೆ ನೋಡಲು ಬಂದರು. ಹುಡುಗಿ ಚಹದ ತಟ್ಟೆ ಹಿಡಿದು ಪಡಸಾಲೆಗೆ ಬಂದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಒಬ್ಬ ಹಿರಿಯ ಹೆಂಗಸು ಚೀಲದಿಂದ ನನ್ನ ಫೋಟೋವನ್ನು ಹೊರತೆಗೆದು, ಎಲ್ಲರ ಎದುರಿಗೆ ಹುಡುಗಿಯ ಮುಖದ ಪಕ್ಕದಲ್ಲಿ ಹಿಡಿದು, "ಫೋಟೋದಾಕಿ ಬ್ಯಾರೆ, ಈಕಿ ಬ್ಯಾರೆ" ಎಂದರಂತೆ. ಅವರು ಅವಲಕ್ಕಿಯ ತಟ್ಟೆಯನ್ನು ಮುಟ್ಟದೆ ಎದ್ದು ಹೋದರು.

ನಾಲ್ಕು ದಿನ ಕಳೆದು ಆ ಹುಡುಗಿ ತಮ್ಮನನ್ನು ಜೊತೆಗೆ ಕರೆದುಕೊಂಡು ಸ್ಟುಡಿಯೋಕ್ಕೆ ಬಂದಳು. ಅಳಲಿಲ್ಲ, ಬೈಯಲಿಲ್ಲ. ಫೋಟೋವನ್ನು ಮೇಜಿನ ಮೇಲಿಟ್ಟು, "ಕಾಕಾರ, ಇದರಾಗ ಇರಾಕಿ ನಾನಲ್ಲ. ನನ್ನ ಮಾರಿಗೆ ಏನಾಗಿತ್ರಿ?" ಎಂದು ಕೇಳಿದಳು.

ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಬಣ್ಣ ಕಡಿಮೆಯೆಂದು ಹೊರಗಿನವರು ಅವಳಿಗೆ ಒಂದು ಸಲ ಹೇಳಿದ್ದರೆ, ನಾನು ದೀಪ ಹಚ್ಚಿ, ಅಳತೆ ಮಾಡಿ, ಅಚ್ಚು ಹಾಕಿಸಿ ಅದೇ ಮಾತನ್ನು ಅವಳ ಕೈಗೆ ಕೊಟ್ಟಿದ್ದೆ. ಆ ಹಿರಿಯ ಹೆಂಗಸು ಪಡಸಾಲೆಯಲ್ಲಿ ಎತ್ತಿ ಹಿಡಿದದ್ದು ನನ್ನ ಕೈಕೆಲಸವನ್ನು.

ಅಂದು ಸಂಜೆ ಆ ಚಿತ್ರವನ್ನು ತೆಗೆದುಕೊಂಡು ಮಾವನವರ ಬಳಿಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೈಯಬಹುದೆಂದು ಕಾದೆ. ಅವರು ಕೇಳಿದ್ದು ಒಂದೇ ಮಾತು: "ಹುಡುಗಿ ವಿಭೂತಿ ಹಚ್ಚಿಕೊಂಡು ಬಂದಿದ್ದಳಲ್ಲೋ, ಅದು ಎಲ್ಲಿ ಐತಿ?"

ನಾನು ಬಗ್ಗಿ ನೋಡಿದೆ. ಗುಲಾಬಿ ಬೆಳಕಿನಲ್ಲಿಯೂ ಹೆಚ್ಚಾದ ಬೆಳಕಿನಲ್ಲಿಯೂ ಹಣೆ ಬೆಳ್ಳಗಾಗಿ, ಮೂರು ಗೆರೆಗಳೂ ಅಳಿಸಿಹೋಗಿದ್ದವು. ಕುಂಕುಮ ಮಾಸಿತ್ತು. ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗ ಕತ್ತಲೆ ಕೋಣೆಯಲ್ಲಿ ನಾನು ಕೇಳಿದ್ದ ಪ್ರಶ್ನೆಯೇ ತಿರುಗಿ ನನ್ನ ಬಳಿಗೆ ಬಂದಿತ್ತು.

ಮರುದಿನ ಬೆಳಗಾಗುವ ಮೊದಲೇ ಮಾವನವರು ನನ್ನನ್ನು ಎಬ್ಬಿಸಿ ಲಕ್ಕುಂಡಿಗೆ ಕರೆದುಕೊಂಡು ಹೋದರು. ಗದಗಿನಿಂದ ಹತ್ತು-ಹನ್ನೆರಡು ಕಿಲೋಮೀಟರು ದೂರದ ಆ ಊರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಿರುವುದನ್ನು ಓದುಗರು ಬಲ್ಲರು. ಕಾಶಿವಿಶ್ವೇಶ್ವರ ಗುಡಿಯ ಹೊರಗೋಡೆಯ ಮೇಲೆ ಎಳೆಬಿಸಿಲು ಓರೆಯಾಗಿ ಬೀಳುತ್ತಿತ್ತು. ಕೆತ್ತನೆಯ ಒಂದೊಂದು ಬಳ್ಳಿಯೂ ತನ್ನ ನೆರಳಿನಿಂದಲೇ ಎದ್ದು ನಿಂತಿದ್ದಿತು. ಒಳಗೆ ಕಡೆದು ನುಣುಪು ಮಾಡಿದ ಕರಿಯ ಕಂಬಗಳ ಮೇಲೆ ಬಾಗಿಲಿನ ಬೆಳಕು ನೀಳವಾದ ಗೆರೆಯಾಗಿ ಹೊಳೆಯುತ್ತಿತ್ತು. ಆ ಹೊಳಪಿನ ಗೆರೆಯಿಂದಲೇ ಕಂಬದ ದುಂಡು ತಿಳಿಯುತ್ತಿತ್ತು.

"ಕಲ್ಲು ಕರ್ರಗ ಐತಿ. ಚೆಲುವು ಕಡಿಮಿ ಐತೇನು?" ಎಂದರು ಮಾವನವರು. "ಇದಕ್ಕ ಯಾರರೆ ಸುಣ್ಣ ಬಳದ್ರ ಹೆಂಗ ಕಾಣ್ತೈತಿ ಹೇಳು."

ಮಾವನವರ ಆ ಮಾತಿನಲ್ಲಿ ವಿದ್ಯೆಯ ಒಂದು ಸೂಕ್ಷ್ಮವೂ ಇತ್ತು. ಬಿಳಿಯ ಮೈಯ ಆಕಾರವನ್ನು ಹೆಚ್ಚಾಗಿ ನೆರಳು ತಿಳಿಸುತ್ತದೆ. ಕಪ್ಪು ಮೈಯ ಆಕಾರವನ್ನು ಅದರ ಮೇಲಿನ ಹೊಳಪು ತಿಳಿಸುತ್ತದೆ. ಕಪ್ಪು ಮುಖಕ್ಕೆ ಹೆಚ್ಚು ಬೆಳಕು ಸುರಿಯುವುದರಿಂದ ಪ್ರಯೋಜನವಿಲ್ಲ. ಅಗಲವಾದ, ಮೃದುವಾದ ಬೆಳಕನ್ನು ಪಕ್ಕದಿಂದ ತಂದು, ಹಣೆ, ಕೆನ್ನೆಯೆಲುಬು, ಮೂಗಿನ ಕಂಬದ ಮೇಲೆ ಆ ಬೆಳಕು ತಾನಾಗಿ ಜಾರುವಂತೆ ಮಾಡಬೇಕು. ಲಕ್ಕುಂಡಿಯ ಕಂಬದ ಪಾಠ ಇದು.

ನಾನು ಆ ಮನೆಗೆ ಹೋಗಿ ತಂದೆ-ತಾಯಿಗಳ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. "ತಂಗೀ, ಇನ್ನೊಮ್ಮೆ ಬಂದು ಕೂಡವ್ವಾ. ಯಾರಿಗೂ ಕಳಿಸಾಕಲ್ಲ, ನಿನ್ನ ಸಲುವಾಗಿ" ಎಂದು ಬೇಡಿಕೊಂಡೆ. ಅವಳು ಬರುವಳೆಂಬ ನಂಬಿಕೆ ನನಗಿರಲಿಲ್ಲ. ಮುಂದಿನ ಸೋಮವಾರ ಪೂಜೆ ಮುಗಿಸಿ ಬಂದಳು.

ಈ ಸಲ ಮುಖಕ್ಕೆ ಒಂದೇ ದೀಪ, ಅದೂ ಬಣ್ಣವಿಲ್ಲದ್ದು. ಅದರ ಮುಂದೆ ಅಗಲವಾದ ಬಿಳಿ ಬಟ್ಟೆ ಕಟ್ಟಿ, ಎಡಗಡೆಯಿಂದ ಓರೆಯಾಗಿ ಬರುವಂತೆ ಇಟ್ಟೆ. ಬಲಗಡೆಗೆ ದೀಪವಿಲ್ಲ. ಮಡಿಚಿದ ಬಿಳಿಯ ಧೋತರವನ್ನು ಮೂರು ಅಡಿ ದೂರದಲ್ಲಿ ತೂಗುಹಾಕಿದೆ. ಎಡಗಡೆಯ ಬೆಳಕು ಅದಕ್ಕೆ ತಾಗಿ ಹಿಂದಿರುಗಿ ನೆರಳಿನ ಕೆನ್ನೆಯನ್ನು ತುಸುವೇ ತೆರೆಯಿತು. ಬಣ್ಣದ ಹಾಳೆಗಳನ್ನು ನಾನು ಬಿಸಾಡಲಿಲ್ಲ, ಅವುಗಳ ಸ್ಥಳ ಬದಲಿಸಿದೆ. ಒಂದು ಸಣ್ಣ ದೀಪಕ್ಕೆ ಕಿತ್ತಳೆ ಹಾಳೆ ಕಟ್ಟಿ ಅವಳ ಬೆನ್ನ ಹಿಂದೆ ಬಲಗಡೆಗೆ, ಹೆಗಲ ಮಟ್ಟದಲ್ಲಿ ಇಟ್ಟೆ. ನೆರಳಿನ ಕಡೆಯ ಕೂದಲಂಚು ಮತ್ತು ಹೆಗಲಿನ ಮೇಲೆ ಸಂಜೆಯ ಎಣ್ಣೆದೀಪದಂಥ ಬೆಳಕು ಹರಿಯಿತು. ಹಿಂದಿನ ಪರದೆಗೆ ಮಂದವಾದ ನೀಲಿ. ಕ್ಯಾಮೆರಾದ ಕಿಂಡಿಯಲ್ಲಿ ಮೊದಲು ಅವಳ ಹಣೆಯನ್ನು ನೋಡಿದೆ. ವಿಭೂತಿ ಬೆಳ್ಳಗಿತ್ತು, ಕುಂಕುಮ ಕೆಂಪಗಿತ್ತು. ಇನ್ನು ಚಿಂತೆಯಿಲ್ಲವೆಂದು ಗುಂಡಿ ಒತ್ತಿದೆ.

ಚಿತ್ರ ಬಂದ ದಿನ ಅವಳು ಅದನ್ನು ಕಿಟಕಿಯ ಹತ್ತಿರ ಒಯ್ದು ನೋಡಿದಳು. "ಹಾಂ ಕಾಕಾರ, ಈಕಿ ನಾನು" ಎಂದಳು. ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಮೆಚ್ಚುಗೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಮುಂದೆ ಅವಳು ಶಿಕ್ಷಕಿಯಾದಳು. ಮದುವೆಯೂ ಆಯಿತು. ಫೋಟೋ ನೋಡಿ ಅಲ್ಲ, ಅವಳನ್ನೇ ಶಾಲೆಯಲ್ಲಿ ಕಂಡು ಕೇಳಿ ಬಂದ ಸಂಬಂಧ ಅದು. ನನ್ನ ಚಿತ್ರದಿಂದ ಒಳ್ಳೆಯದಾಯಿತೆಂದು ಹೇಳಿಕೊಳ್ಳುವ ಹಕ್ಕು ನನಗಿಲ್ಲ. ಅದು ಅವರ ತವರುಮನೆಯ ಪಡಸಾಲೆಯಲ್ಲಿ ಇಂದಿಗೂ ತೂಗುತ್ತಿದೆಯೆಂಬುದೇ ನನಗೆ ಸಮಾಧಾನ.

ಅಂದಿನಿಂದ ನನ್ನ ಕಾಯಕಕ್ಕೆ ಒಂದು ನಿಯಮ ಮಾಡಿಕೊಂಡೆ: ಮುಖಕ್ಕೆ ಅದರದೇ ಬೆಳಕು, ಬಣ್ಣಕ್ಕೆ ನೆರಳಿನ ಜಾಗ. ಇದಕ್ಕೆ ವಿಜ್ಞಾನದ ಆಧಾರವೂ ಉಂಟು. ಬಲವಾದ ಬಿಳಿ ಬೆಳಕು ಬಿದ್ದ ಕಡೆ ಬಣ್ಣದ ಬೆಳಕು ತೆಳುವಾಗಿ ಅಳಿಸಿಹೋಗುತ್ತದೆ. ಆ ಬಿಳಿ ಬೆಳಕು ತಲುಪದ ನೆರಳಿನಲ್ಲಿಯೇ ಬಣ್ಣ ತನ್ನ ಪೂರ್ಣ ಗಾಢತೆಯನ್ನು ತೋರುತ್ತದೆ. ನೆರಳು ಎಂದರೆ ಬರಿಯ ಕತ್ತಲೆಯಲ್ಲ. ಒಂದು ದೀಪ ಹೋಗಲಾರದ ಕಡೆ ಇನ್ನೊಂದು ದೀಪಕ್ಕೆ ದೊರೆತ ಮನೆ ಅದು.

ಮನೆಯ ಮಕ್ಕಳಿಗೆ ಇದನ್ನು ತೋರಿಸುವುದು ಸುಲಭ. ಕತ್ತಲಾದ ಕೋಣೆಯಲ್ಲಿ ಮೂರು ಬ್ಯಾಟರಿಗಳಿಗೆ ಕೆಂಪು, ಹಸಿರು, ನೀಲಿ ಪಾರದರ್ಶಕ ಹಾಳೆಗಳನ್ನು ಕಟ್ಟಿ, ಸ್ವಲ್ಪ ಸ್ವಲ್ಪ ಅಂತರದಲ್ಲಿಟ್ಟು, ಬಿಳಿಗೋಡೆಯ ಮೇಲೆ ಒಂದೇ ಕಡೆ ಬೆಳಕು ಬೀಳಿಸಬೇಕು. ಮೂರೂ ಕೂಡಿದಲ್ಲಿ ಗೋಡೆ ಹೆಚ್ಚು ಕಡಿಮೆ ಬೆಳ್ಳಗೆ ಕಾಣುತ್ತದೆ. ನಡುವೆ ಕೈಯನ್ನು ಹಿಡಿದರೆ ಮೂರು ನೆರಳುಗಳು ಮೂಡುತ್ತವೆ. ಕೆಂಪು ದೀಪ ತಲುಪದ ನೆರಳು ಹಸಿರು-ನೀಲಿಯಾಗಿಯೂ, ಹಸಿರು ದೀಪ ತಲುಪದ ನೆರಳು ನೇರಳೆ-ಗುಲಾಬಿಯಾಗಿಯೂ, ನೀಲಿ ದೀಪ ತಲುಪದ ನೆರಳು ಹಳದಿಯಾಗಿಯೂ ಕಾಣುತ್ತದೆ. ಈ ಮೂರು ಬೆಳಕುಗಳಿಂದ ಉಳಿದ ಬಣ್ಣಗಳನ್ನು ಕೂಡಿಸಬಹುದೆಂಬುದನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ 1861ರಲ್ಲಿ ಲಂಡನ್ನಿನಲ್ಲಿ, ಬಣ್ಣದ ಪಟ್ಟಿಯೊಂದರ ಮೂರು ಛಾಯಾಚಿತ್ರಗಳನ್ನು ಮೂರು ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ಬೀಳಿಸಿ ತೋರಿಸಿದನು. ಇಂದಿನ ಟಿ.ವಿ., ಮೊಬೈಲುಗಳ ಪರದೆಗಳು ಬಣ್ಣ ತೋರುವುದು ಅದೇ ತತ್ತ್ವದಿಂದ.

ಬೆಳಕು-ನೆರಳಿನ ಈ ವಿದ್ಯೆಯಲ್ಲಿ ನಮ್ಮ ನಾಡಿನವರೂ ಹಿಂದೆ ಬಿದ್ದವರಲ್ಲ. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರು (1923–2014) ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ, ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೋದೊಳಗೆ ತಿರುಗಿಸಿ, ಕತ್ತಲೆಯ ನಡುವೆ ಒಂದೇ ಬೆಳಕಿನ ಕಂಬವನ್ನು ನಿಲ್ಲಿಸಿದರು. ಕಪ್ಪು-ಬಿಳುಪಿನ ಆ ದೃಶ್ಯದಲ್ಲಿ ಬಣ್ಣವೇ ಇಲ್ಲ. ಆದರೂ ನೋಡಿದವರು ಅದನ್ನು ಮರೆಯಲಾರರು. ಮುಂದೆ ಅವರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ದೊರೆತಾಗ ಸಂತೋಷಪಟ್ಟ ಛಾಯಾಗ್ರಾಹಕರಲ್ಲಿ ನಾನೂ ಒಬ್ಬ.

ಈಗ ಗೃಹಸ್ಥರಾದ ಓದುಗರಿಗೆ ನಾಲ್ಕು ಉಪಯುಕ್ತ ಮಾತುಗಳು. ಮದುವೆಯ ಹಂದರಕ್ಕೆ ಕೆಂಪು, ಹಳದಿ ಬಟ್ಟೆ ಕಟ್ಟುತ್ತೇವೆ. ನಡುಹಗಲಿನ ಬಿಸಿಲು ಅದರ ಮೂಲಕ ಇಳಿದು ಎಲ್ಲರ ಮುಖಗಳಿಗೂ ಅದೇ ಬಣ್ಣ ಬಳಿಯುತ್ತದೆ. ಮುಖ್ಯವಾದ ಚಿತ್ರಗಳನ್ನು ಹಂದರದ ಅಂಚಿಗೆ, ತೆರೆದ ಆಕಾಶದ ಬೆಳಕು ಬರುವ ಕಡೆಗೆ ಕರೆದು ತೆಗೆಸಿರಿ. ಮನೆಯ ಗೋಡೆ ಹಸಿರಾಗಿದ್ದರೆ ಅದಕ್ಕೆ ತಾಗಿ ಕುಳಿತವರ ನೆರಳಿನ ಕೆನ್ನೆಯೂ ಹಸಿರಾಗುತ್ತದೆ. ಗೋಡೆಯಿಂದ ನಾಲ್ಕು ಅಡಿ ಮುಂದೆ ಕೂಡಿಸಿರಿ. ನೇರ ಬಿಸಿಲು ಬೀಳದ ಕಿಟಕಿಗಿಂತ ಒಳ್ಳೆಯ ದೀಪ ಯಾವ ಸ್ಟುಡಿಯೋದಲ್ಲೂ ಇಲ್ಲ. ಅದರ ಪಕ್ಕಕ್ಕೆ ಓರೆಯಾಗಿ ಕೂಡಿಸಿ, ಎದುರುಗಡೆ ಒಂದು ಬಿಳಿಯ ಬಟ್ಟೆ ಹಿಡಿದರೆ ಸಾಕು. ಈಗ ಬಂದಿರುವ ಎಲ್‌ಇಡಿ ದೀಪಗಳು ಗುಂಡಿ ಒತ್ತಿದರೆ ಯಾವ ಬಣ್ಣವನ್ನಾದರೂ ಸುರಿಸುತ್ತವೆ. ವೇದಿಕೆಯ ಹಿಂದಿನ ಪರದೆಗೆ ಅವು ಇರಲಿ. ವಧೂವರರ ಮುಖಕ್ಕೆ ನೇರಳೆ, ನೀಲಿ ಬೇಡವೆಂದು ದೀಪದವರಿಗೆ ಮೊದಲೇ ಹೇಳಿರಿ. ಹಾಗೆ ಹಿಡಿದ ಮುಖಗಳನ್ನು ಆಮೇಲೆ ಯಾವ ಕಂಪ್ಯೂಟರಿನಿಂದಲೂ ಪೂರ್ತಿ ಸರಿಮಾಡಲಾಗದು, ಏಕೆಂದರೆ ಆ ಬೆಳಕಿನಲ್ಲಿ ಇಲ್ಲದ ಬಣ್ಣಗಳು ಚಿತ್ರದಲ್ಲಿ ದಾಖಲಾಗಿರುವುದೇ ಇಲ್ಲ. ಬೆಳಕು ಸರಿಯಾಗಿದೆಯೋ ಇಲ್ಲವೋ ಎಂಬ ಸಂದೇಹ ಬಂದರೆ ಹಣೆಯ ವಿಭೂತಿಯನ್ನು ನೋಡಿರಿ. ಅದು ಬೆಳ್ಳಗೆ ಕಂಡರೆ ಉಳಿದೆಲ್ಲ ಬಣ್ಣಗಳೂ ತಮ್ಮ ತಮ್ಮ ಸ್ಥಾನದಲ್ಲಿರುತ್ತವೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ನಾನು ಗುಲಾಬಿ ಹಾಳೆಯಿಂದ ಮಾಡಿದ ಕೆಲಸವನ್ನು ಇಂದು ಮೊಬೈಲು ಕ್ಷಣದಲ್ಲಿ ಮಾಡುತ್ತದೆ. ಮುಖವನ್ನು ಬಿಳಿಮಾಡುವ, ನುಣುಪುಮಾಡುವ ಸೌಕರ್ಯಗಳು ಅದರಲ್ಲಿವೆ. ಸಂಬಂಧ ನೋಡುವವರಿಗೆ ಅಂಥ ಚಿತ್ರಗಳೇ ಹೋಗುತ್ತವೆ. ಹೆಣ್ಣುಮಕ್ಕಳಷ್ಟೇ ಅಲ್ಲ, ಗಂಡುಮಕ್ಕಳೂ ತಮ್ಮ ಮುಖವನ್ನು ತಿದ್ದಿಕೊಳ್ಳದೆ ಯಾರಿಗೂ ತೋರಿಸುತ್ತಿಲ್ಲ. ಮಗಳ ಚಿತ್ರವನ್ನು ಬೆಳ್ಳಗೆ ಮಾಡಿರೆಂದು ಕೇಳುವ ತಂದೆ-ತಾಯಿಗಳ ಸಂಕಟ ನನಗೆ ಗೊತ್ತು. ಅದು ಪ್ರೀತಿಯಿಂದ ಹುಟ್ಟಿದ ಸಂಕಟ. ಆದರೆ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವ ಮಗಳ ಕಿವಿಗೆ ಅದು ಬೇರೆಯಾಗಿಯೇ ಕೇಳಿಸುತ್ತದೆ. ಹುಟ್ಟಿನಿಂದ ಮೇಲು-ಕೀಳನ್ನು ಎಣಿಸಬಾರದೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ಶರಣರ ಪರಂಪರೆ ನಮ್ಮದು. ಹುಟ್ಟಿನಿಂದ ಬಂದ ಮೈಬಣ್ಣದಲ್ಲಿ ಮೇಲು-ಕೀಳು ಎಣಿಸುವ ಮನೆಯಲ್ಲಿ ಆ ಹೆಸರುಗಳನ್ನು ನೆನೆದರೆ ಫಲವೇನು?

ನನ್ನ ಅವ್ವನ ಒಂದು ಚಿತ್ರದ ಸಂಗತಿ ಹೇಳಿ ಈ ಬರಹವನ್ನು ಮುಗಿಸುತ್ತೇನೆ. ಅವ್ವ ಲಿಂಗೈಕ್ಯಳಾಗುವುದಕ್ಕೆ ಒಂದು ವರ್ಷ ಮೊದಲು, ಚಳಿಗಾಲದ ಒಂದು ನಸುಕಿನಲ್ಲಿ ಅವಳು ಪೂಜೆಗೆ ಕುಳಿತಿದ್ದಳು. ಎಡ ಅಂಗೈಯಲ್ಲಿ ಇಷ್ಟಲಿಂಗ, ಎದುರಿಗೆ ಎಣ್ಣೆಯ ದೀಪ. ಬಲಗಡೆಯ ಕಿಟಕಿಯಿಂದ ಸೂರ್ಯ ಮೂಡುವ ಮೊದಲಿನ ತಣ್ಣನೆಯ ಬೆಳಕು ಬರುತ್ತಿತ್ತು. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಮಾನದಲ್ಲಿ ಎಣ್ಣೆದೀಪ ಸುಮಾರು 1900, ನಡುಹಗಲಿನ ಬಿಸಿಲು ಸುಮಾರು 5500. ನಸುಕಿನ ಆಕಾಶ ಅದಕ್ಕಿಂತಲೂ ಬಹಳ ಮೇಲಿನದು, ಅಂದರೆ ಬಹಳ ನೀಲಿ. ದೀಪದ ಕಿತ್ತಳೆ ಬೆಳಕು ಅವ್ವನ ಮುಖವನ್ನು ತುಂಬಿತ್ತು. ದೀಪ ತಲುಪದ ಕೆನ್ನೆಯ ಅಂಚು, ಸೆರಗಿನ ಮಡಿಕೆಗಳಲ್ಲಿ ನೀಲಿ ತುಂಬಿತ್ತು. ನಾನು ವರ್ಷಗಟ್ಟಲೆ ಹಾಳೆಗಳನ್ನು ಕಟ್ಟಿ ಬಿಚ್ಚಿ ಮಾಡುತ್ತಿದ್ದ ಕೆಲಸವೆಲ್ಲ ಅಲ್ಲಿ ತಾನಾಗಿಯೇ ಆಗಿತ್ತು.

ಅವಳ ಧ್ಯಾನಕ್ಕೆ ಭಂಗ ಬಾರದಂತೆ ಬಾಗಿಲಲ್ಲಿಯೇ ನಿಂತು ಒಂದೇ ಒಂದು ಚಿತ್ರ ತೆಗೆದೆ. ಸುಕ್ಕುಗಳೆಲ್ಲ ತಮ್ಮ ತಮ್ಮ ನೆರಳಿನೊಡನೆ ಅದರಲ್ಲಿವೆ. ಒಂದನ್ನೂ ನಾನು ಅಳಿಸಿಲ್ಲ. ಹಣೆಯ ವಿಭೂತಿ ದೀಪದ ಬಣ್ಣ ಪಡೆದು ಹೊಂಬಣ್ಣವಾಗಿದೆ, ಅಂಚಿನಲ್ಲಿ ತುಸು ನೀಲಿಯಾಗಿದೆ. ಅದು ಬೆಳ್ಳಗಿಲ್ಲವಲ್ಲ ಎಂದು ನೀವು ಕೇಳಬಹುದು. ಅಂದು ಆ ಕೋಣೆಯಲ್ಲಿದ್ದ ಬೆಳಕು ಅದೇ. ನೋಡಿದವರಿಗೆ ಅದು ದೀಪದ ಬೆಳಕೆಂದು ತಿಳಿಯುತ್ತದೆ, ಯಾರಿಗೂ ಮೋಸವಿಲ್ಲ. ಅಂಗೈಯ ಇಷ್ಟಲಿಂಗದ ಕಪ್ಪು ಕಂತಿಯ ಮೇಲೆ ದೀಪದ ಒಂದು ಚುಕ್ಕೆ ಹೊಳೆಯುತ್ತಿದೆ. ಬಗ್ಗಿ ನೋಡಿದರೆ ಅಂಥದೇ ಒಂದು ಚುಕ್ಕೆ ಅವ್ವನ ಕಣ್ಣಿನಲ್ಲಿಯೂ ಇದೆ.

ಸ್ಟುಡಿಯೋಕ್ಕೆ ಬಂದವರು ಗೋಡೆಯ ಮೇಲಿನ ಆ ಚಿತ್ರವನ್ನು ನೋಡಿ, ಇದಕ್ಕೆ ಎಷ್ಟು ದೀಪ ಹಚ್ಚಿದ್ದಿರೆಂದು ಕೇಳುತ್ತಾರೆ. ಒಂದೇ, ಅದನ್ನೂ ಹಚ್ಚಿದಾಕಿ ಅವ್ವ ಎನ್ನುತ್ತೇನೆ.